ಕೊನೆಯ ಓವರ್ ಹಾಕುವ ಕೈ

ಮೊನ್ನೆ ನನ್ನ ಮೊಮ್ಮಗ ಪ್ರದೀಪ ಬಲಗೈಯಲ್ಲಿ ತೆಂಗಿನಕಾಯಿ ಹಿಡಿದು ಹಿತ್ತಲ ಕಲ್ಲಿಗೆ ಒಂದೇ ಏಟಿಗೆ ಒಡೆದ. ನೀರು ನನ್ನ ಸೀರೆಗೆಲ್ಲ ಸಿಡಿಯಿತು. ಬೇರೆ ದಿನವಾಗಿದ್ದರೆ ಬೈಯುತ್ತಿದ್ದೆ. ಅವತ್ತು ಅದೇ ಒದ್ದೆ ಸೀರೆಯಲ್ಲಿ ಅಕ್ಕಪಕ್ಕದ ಮನೆಗೆಲ್ಲ ಹೋಗಿ ಹೇಳಿ ಬಂದೆ, ಕಾಯಿ ಒಡೆದ, ಬಲಗೈಯಲ್ಲೇ ಒಡೆದ ಅಂತ. ಯಾರೂ ನಗಲಿಲ್ಲ. ಆ ಕೈ ಎಲ್ಲಿಗೆ ಹೋಗಿ ಬಂದಿದೆ ಅಂತ ಅವರಿಗೆಲ್ಲ ಗೊತ್ತು.

ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಇಷ್ಟುದ್ದ ಬರೆದದ್ದು ಇದೇ ಮೊದಲು. ಸೊಸೆ ಶಾರದಾ ಒತ್ತು, ದೀರ್ಘ ತಿದ್ದಿಕೊಟ್ಟಿದ್ದಾಳೆ, ಮಾತು ನನ್ನದೇ. ದಾವಣಗೆರೆ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದಾಗ, ನಮ್ಮ ಹುಡುಗನಿಗೆ ಬಂದಂಥದ್ದು ಬೇರೆ ಯಾರಿಗಾದರೂ ಬಂದಿದೆಯಾ ಅಂತ ಕಂಡಕಂಡವರನ್ನು ಕೇಳಿದ್ದೆ. ಸಕ್ಕರೆ ಕಾಯಿಲೆಯವರು ಸಿಕ್ಕರು, ಮೂತ್ರದ ಕಲ್ಲಿನವರು ಸಿಕ್ಕರು, ಬೈಕಿನಿಂದ ಬಿದ್ದವರು ಸಿಕ್ಕರು. ನಮ್ಮಂಥವರು ಒಬ್ಬರೂ ಸಿಗಲಿಲ್ಲ. ಇನ್ನು ಮುಂದೆ ಆ ಬೆಂಚಿನ ಮೇಲೆ ಕೂತು ಯಾರಾದರೂ ಹಾಗೆ ಕೇಳಿದರೆ, ಇಗೋ, ನಾವಿದ್ದೇವೆ, ಹೊನ್ನಾಳಿಯವರು.

ಮೊದಲು ಪ್ರದೀಪನ ಕೆಲಸ ಏನು ಅಂತ ಹೇಳಬೇಕು. ಅವನು ಟೆನಿಸ್ ಬಾಲ್ ಕ್ರಿಕೆಟ್ಟಿನಲ್ಲಿ ಕೊನೆಯ ಓವರ್ ಹಾಕುತ್ತಾನೆ. ಅದೇ ಕೆಲಸ. ಸುಗ್ಗಿ ಮುಗಿದರೆ ನಮ್ಮ ಕಡೆ ಊರೂರಿಗೆ ಟೂರ್ನಮೆಂಟು, ಈಗೀಗ ಅದಕ್ಕೆ ಲೀಗ್ ಅನ್ನುತ್ತಾರೆ. ಒಂದು ತಂಡದವರು ಹೊರಗಿನ ಊರಿನ ಒಬ್ಬಿಬ್ಬರನ್ನು ದುಡ್ಡು ಕೊಟ್ಟು ಕರೆಸಿಕೊಳ್ಳಬಹುದು. ಹಾಗೆ ಬಂದವರಿಗೆ ಗೆಸ್ಟ್ ಅಂತ ಹೆಸರು. ನನ್ನ ಮೊಮ್ಮಗ ಮೂರು ತಾಲ್ಲೂಕಿನ ಗೆಸ್ಟ್. ಆಟವಿಲ್ಲದ ದಿನಗಳಲ್ಲಿ ಗೂಡ್ಸ್ ಆಟೋ ಓಡಿಸುತ್ತಾನೆ, ಆದರೆ ಯಾರಾದರೂ ಏನು ಕೆಲಸ ಅಂತ ಕೇಳಿದರೆ ಬೌಲಿಂಗು ಅಂತಲೇ ಹೇಳುವುದು.

ಸಣ್ಣವನಿದ್ದಾಗ ಹೊಳೆದಂಡೆಯಲ್ಲಿ ಅವನ ಅವ್ವ ಶಾರದಾ ಬಟ್ಟೆ ಒಗೆಯುತ್ತಿದ್ದರೆ ಇವನು ನೀರಿನ ಮೇಲೆ ಕಲ್ಲು ಕುಪ್ಪಳಿಸುತ್ತಿದ್ದ. ಹೈಸ್ಕೂಲಿಗೆ ಬಂದ ಮೇಲೆ ಒಂದು ಸಲ ಹೊನ್ನಾಳಿ ತಂಡದ ಬೌಲರುಗಳೆಲ್ಲ ಏಟು ತಿಂದು, ಕೊನೆಯ ಓವರ್ ಹಾಕಲು ಯಾರೂ ಒಪ್ಪದೆ, ಗೆರೆ ಹತ್ತಿರ ಚೆಂಡು ಹೆಕ್ಕಿಕೊಡುತ್ತಿದ್ದ ಇವನ ಕೈಗೆ ಚೆಂಡು ಕೊಟ್ಟರಂತೆ. ಇವನು ಗೆಲ್ಲಿಸಿಬಿಟ್ಟ. ಅಲ್ಲಿಂದ ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪದ ಹುಡುಗರು ಕರೆದರು. ಆಮೇಲೆ ಚನ್ನಗಿರಿ ಕಡೆ ಕೆರೆಬಿಳಚಿಯವರು. ಆಮೇಲೆ ಜಗಳೂರಿನವರು.

ಕೆರೆಬಿಳಚಿಯ ಆಟ ನೋಡಲು ನಾನೂ ಹೋಗಿದ್ದೆ, ಅದೇ ಮೊದಲ ಸಲ. ಇವನು ಹೆಗಲ ಮೇಲೆ ಟವೆಲ್ ಹಾಕಿಕೊಂಡು ಬಿಸಿಲಲ್ಲಿ ನಿಂತೇ ಇದ್ದಾನೆ, ಯಾರೂ ಚೆಂಡು ಕೊಡುವುದಿಲ್ಲ. ನನಗೆ ತಡೆಯಲಿಲ್ಲ. ಅವರ ಕ್ಯಾಪ್ಟನ್ ಇಮ್ರಾನ್ ನೀರು ಕುಡಿಯಲು ಬಂದಾಗ ಹಿಡಿದುಕೊಂಡೆ.

"ಏನಪ್ಪಾ, ಅಷ್ಟು ದೂರದಿಂದ ಕರೆಸ್ಕಂಡು ಸುಮ್ನೆ ನಿಲ್ಸೀರಲ್ಲ ನಮ್ಮ ಹುಡುಗನ್ನ. ಮದ್ವಿ ಮನ್ಯಾಗೆ ಬೀಗರನ್ನ ಕೊನೇ ಪಂಕ್ತಿಗೆ ಕುಂದರಿಸಿದಂಗೆ ಆತಲ್ಲ ಇದು."

ಇಮ್ರಾನ್ ನಕ್ಕ. "ಅಜ್ಜಿ, ಮದ್ವಿ ಮಾನ ಹೋಗೋದು ಮೊದ್ಲನೇ ಪಂಕ್ತ್ಯಾಗೆ ಅಲ್ಲ. ಕೊನೇ ಪಂಕ್ತಿಗೆ ಅನ್ನ ಸಾಲ್ದೆ ಬಂದಾಗ. ಅದಕ್ಕೇ ನಂಬಿಕಸ್ತನ್ನ ಅಲ್ಲಿ ನಿಲ್ಸೋದು."

ಅವತ್ತಿನಿಂದ ನನಗೆ ಈ ಕೆಲಸದ ಮರ್ಯಾದೆ ತಿಳಿಯಿತು. ಊರಿಗೆ ಬಂದು ಎಲ್ಲರಿಗೂ ಹಾಗೇ ಹೇಳಿದೆ, ನಮ್ಮವನು ಕೊನೆಯ ಪಂಕ್ತಿಗೆ ಬಡಿಸುವವನು ಅಂತ.

ಈಗ ದಾರದ ವಿಷಯ. ಗೆಸ್ಟ್ ಆಗಿ ಬಂದವನ ಬಲದ ರಟ್ಟೆಗೆ ಆ ಊರಿನವರು ತಮ್ಮ ದೇವರ ದಾರ ಕಟ್ಟುತ್ತಾರೆ. ಹೊರಗಿನವನು ತಮ್ಮವನಾಗಲಿ ಅಂತ. ಕಟ್ಟಿದ್ದನ್ನು ಕತ್ತರಿಸುವ ಹಾಗಿಲ್ಲ, ತಾನೇ ಸವೆದು ಬೀಳಬೇಕು. ಪ್ರದೀಪನ ರಟ್ಟೆಗೆ ನಾನು ಕಟ್ಟಿದ ಅರಿಶಿನದ ದಾರ ಮೊದಲಿನಿಂದ ಇತ್ತು. ಅದರ ಮೇಲೆ ಸೂರಗೊಂಡನಕೊಪ್ಪದ ಕ್ಯಾಪ್ಟನ್ ಕುಮಾರನಾಯ್ಕ ಕಟ್ಟಿದ ಸಂತ ಸೇವಾಲಾಲರ ಬಿಳಿ ದಾರ, ಇಮ್ರಾನ್ ಕಟ್ಟಿದ ದರ್ಗಾದ ಹಸಿರು ದಾರ, ಜಗಳೂರಿನ ಕ್ಯಾಪ್ಟನ್ ತಿಪ್ಪೇಸ್ವಾಮಿ ಕಟ್ಟಿದ ಮಾರಮ್ಮನ ಕರಿ ದಾರ. ಚೆಂಡು ಹಾಕುವ ಮೊದಲು ನಾಲ್ಕನ್ನೂ ಎಡಗೈಯಿಂದ ಮುಟ್ಟಿಕೊಳ್ಳುವುದು ಅವನ ಅಭ್ಯಾಸ. ಯಾರು ಕಟ್ಟಿದರೂ ನನ್ನದೊಂದು ಮಾತಿತ್ತು: ದಾರದ ಕೆಳಗೆ ನನ್ನ ಬೆರಳು ಹೋಗಬೇಕು. ಅವನು ಆಟಕ್ಕೆ ಹೊರಡುವಾಗೆಲ್ಲ ಬೆರಳು ತೂರಿಸಿ ನೋಡಿಯೇ ಕಳಿಸುತ್ತಿದ್ದೆ.

ಜಗಳೂರಿನ ಫೈನಲ್ ಮುಗಿಸಿ ಬಂದ ಮರುದಿನ ನನ್ನ ಬೆರಳು ಹೋಗಲಿಲ್ಲ.

ಆಟ ಗೆದ್ದು ಬಂದಿದ್ದ. ತಟ್ಟೆ ಮುಂದೆ ಕೂತು ಎಡಗೈಯಿಂದ ರೊಟ್ಟಿ ಮುರಿಯುತ್ತಿದ್ದ. ಬಲಗೈ ತೊಡೆಯ ಮೇಲೆ ಬೇರೆಯವರದ್ದು ತಂದಿಟ್ಟ ಹಾಗೆ ಬಿದ್ದಿತ್ತು.

"ಯಾಕೋ ತಮ್ಮಾ?"

"ಭಾರ ಆಗೇತಜ್ಜಿ. ಗಾಳಿಗೆ ಎದುರು ಹಾಕಿ ಹಾಕಿ ಹಿಡ್ಕಂಡೈತೆ."

ನಾಲ್ಕೂ ದಾರ ಮಾಂಸದೊಳಗೆ ಕೂತಿದ್ದವು. ಕೈ ದಪ್ಪವಾಗಿತ್ತು, ಬಣ್ಣ ನೇರಳೆ ಹಣ್ಣು ತಿಂದ ನಾಲಿಗೆಯ ಹಾಗೆ. ದಾರ ಬಿಗಿಯಾಗಿ ಕೈ ಊದಿದೆ ಅಂತ ನಾವೆಲ್ಲ ಅಂದುಕೊಂಡೆವು. ಬೇರೆ ಏನು ಅಂದುಕೊಳ್ಳಬೇಕಿತ್ತು, ಕಣ್ಣಿಗೆ ಕಾಣುತ್ತಿದ್ದದ್ದೇ ಅದು. ಯಾವ ದಾರ ಅಂತ ಹುಡುಕಲು ಶುರು ಮಾಡಿದೆವು. ತಿಪ್ಪೇಸ್ವಾಮಿಗೆ ಫೋನು ಮಾಡಿದರೆ ಅವನು, "ಅಜ್ಜಿ, ನಾನು ಸಡ್ಲಾಗೇ ಕಟ್ಟೀನ್ರಿ. ಮೊದ್ಲು ಆ ಹಸಿರುದು ನೋಡ್ರಿ," ಅಂದ. ಇಮ್ರಾನ್, "ನಮ್ದು ಹಳೇದಾಗಿ ಜೋತಾಡ್ತಿತ್ತಜ್ಜಿ, ಕರಿದು ಹೊಸಾದು, ಅದನ್ನ ಕೇಳ್ರಿ," ಅಂದ. ಕುಮಾರನಾಯ್ಕನಿಗೆ ನಮ್ಮೂರು ಹತ್ತಿರ, ಬೈಕು ಹತ್ತಿ ಬಂದೇಬಿಟ್ಟ. ಅವನೂ ನಾನೂ ಕೂತು, ಒಂದನ್ನೂ ಕತ್ತರಿಸದೆ, ಎಲ್ಲ ಗಂಟನ್ನೂ ಬಿಚ್ಚಿ ಸಡಿಲ ಮಾಡಿ ಮತ್ತೆ ಕಟ್ಟಿದೆವು. ಪಕ್ಕದ ಮನೆಯವರು ಎಣ್ಣೆ ಕಾಸಿ ತಂದು ನೀವುತ್ತೇನೆ ಅಂದರು. ಪ್ರದೀಪ ಮುಟ್ಟಲು ಬಿಡಲಿಲ್ಲ. ಹಾಗೆ ನೀವಿದ್ದರೆ ಅಪಾಯವಾಗುತ್ತಿತ್ತು ಅಂತ ಡಾಕ್ಟರು ಆಮೇಲೆ ಹೇಳಿದರು. ಅವನ ಹಟಕ್ಕೆ ನಾನು ಈಗಲೂ ಕೈ ಮುಗಿಯುತ್ತೇನೆ.

ಮರುದಿನ ನೋಡಿದರೆ ದಾರಗಳು ಮತ್ತೆ ಬಿಗಿ. ನಾನು ಮತ್ತೆ ಗಂಟಿಗೆ ಕೈ ಹಾಕಿದೆ. ಶಾರದಾ ಹಿಟ್ಟಿನ ಕೈಯಲ್ಲೇ ಒಳಗಿಂದ ಬಂದಳು. ಜಾಸ್ತಿ ಮಾತಾಡುವವಳಲ್ಲ ಅವಳು.

"ಅತ್ತೆ, ದಾರ ಏನು ಸಣ್ಣದಾಗತೈತಾ? ಕೈ ದೊಡ್ಡದಾಗತೈತೆ. ದಾರದ್ದಲ್ಲ ಇದು. ಏಳ್ರಿ, ದವಾಖಾನಿಗೆ ಹೋಗಾನ."

ಊರಿನ ಸರ್ಕಾರಿ ಆಸ್ಪತ್ರೆಯಲ್ಲಿದ್ದದ್ದು ಸಣ್ಣ ಪ್ರಾಯದ ಡಾಕ್ಟರಮ್ಮ. ಅಂಗಿ ಬಿಚ್ಚಿಸಿದರು. ಎದೆಯ ಮೇಲೆ, ಹೆಗಲ ಮೇಲೆ ನೀಲಿ ನರಗಳು ಬೇರು ಬಿಟ್ಟ ಹಾಗೆ ಎದ್ದಿದ್ದವು. ನಾವು ಯಾರೂ ಅದನ್ನು ನೋಡಿರಲಿಲ್ಲ. "ಏನು ಕೆಲಸ ಮಾಡ್ತೀಯಪ್ಪ?" ಅಂದರು. "ಬೌಲಿಂಗು," ಅಂದ. ಅವರು ನಗಲಿಲ್ಲ. "ತಡ ಮಾಡದೆ ದಾವಣಗೆರೆಗೆ ಹೋಗಿ. ಕೈಯಿಂದ ಏನನ್ನೂ ಎತ್ತಬೇಡ," ಅಂದರು.

ನನ್ನ ಮಗ ಬಸವರಾಜ, ಅಂದರೆ ಪ್ರದೀಪನ ಅಪ್ಪ, ಹೊನ್ನಾಳಿ–ದಾವಣಗೆರೆ ಖಾಸಗಿ ಬಸ್ಸಿನ ಡ್ರೈವರ್. ಅವನ ಬಸ್ಸು ಸ್ಟ್ಯಾಂಡಿನಲ್ಲೇ ನಿಂತಿತ್ತು, ಅದನ್ನೇ ಹತ್ತಿದೆವು. ಬಸ್ಸು ದಾರಿಯಲ್ಲಿ ಟೀಗೆ ನಿಲ್ಲುವುದು ಪದ್ಧತಿ. ಅವತ್ತು ನಿಲ್ಲಲಿಲ್ಲ. ಯಾವ ಪ್ಯಾಸೆಂಜರೂ ಯಾಕೆ ಅಂತ ಕೇಳಲಿಲ್ಲ. ಬಸವರಾಜ ಕನ್ನಡಿಯಲ್ಲಿ ಮಗನ ಕೈಯನ್ನು ನೋಡುತ್ತಿದ್ದ, ರಸ್ತೆ ನೋಡುತ್ತಿದ್ದ, ಮತ್ತೆ ಕೈ ನೋಡುತ್ತಿದ್ದ.

ದಾವಣಗೆರೆಯ ದೊಡ್ಡಾಸ್ಪತ್ರೆಯಲ್ಲಿ ಕೈಗೆ ಅಂಟಂಟಾದದ್ದೇನೋ ಹಚ್ಚಿ ಸ್ಕ್ಯಾನಿಂಗ್ ಮಾಡಿದರು. ರಕ್ತನಾಳದ ಡಾಕ್ಟರು ಬಂದು ನಮ್ಮನ್ನು ಕರೆದು ಕೂರಿಸಿದರು. ಅವರು ಹೇಳಿದ್ದರಲ್ಲಿ ನನಗೆ ತಿಳಿದದ್ದು ಇಷ್ಟು: ಕೈಯ ರಕ್ತ ಎದೆಗೆ ವಾಪಸ್ ಬರುವ ದಾರಿ ಕುತ್ತಿಗೆಯ ಬುಡದಲ್ಲಿ ಎರಡು ಎಲುಬಿನ ಸಂದಿಯಲ್ಲಿ ಹಾಯುತ್ತದೆ. ವರ್ಷಗಟ್ಟಲೆ ಕೈ ಬೀಸಿ ಬೀಸಿ ಆ ಸಂದಿಯಲ್ಲಿ ನಾಳ ನಜ್ಜಿ, ಒಳಗೆ ರಕ್ತ ಹೆಪ್ಪುಗಟ್ಟಿದೆ. ಗದ್ದೆಯ ಪೈಪಿನ ಮೇಲೆ ಟ್ರ್ಯಾಕ್ಟರ್ ಗಾಲಿ ನಿಂತ ಹಾಗೆ. ಹೆಪ್ಪು ಕರಗಬೇಕು. ಚೂರು ಕಿತ್ತು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಕಷ್ಟ.

"ಸರ್, ಬೌಲಿಂಗು?" ಅಂದ ಪ್ರದೀಪ.

"ಮೊದಲು ಜೀವ, ಆಮೇಲೆ ಕೈ, ಆಮೇಲೆ ಬೌಲಿಂಗು. ಆ ಸಾಲಿನಲ್ಲೇ ಹೋಗೋಣ," ಅಂದರು.

ಬಸವರಾಜ ಎದ್ದು ಹೊರಗೆ ಹೋದ. ಕುಡಿಯುವ ನೀರಿನ ನಲ್ಲಿ ಬಿಟ್ಟು ಅದರ ಮುಂದೆ ಸುಮ್ಮನೆ ನಿಂತಿದ್ದ. ಕುಡಿಯಲೂ ಇಲ್ಲ, ನಿಲ್ಲಿಸಲೂ ಇಲ್ಲ. ನಾನೇ ಹೋಗಿ ನಲ್ಲಿ ತಿರುಗಿಸಿದೆ.

ಒಳಗೆ ಕರೆದೊಯ್ಯುವ ಮೊದಲು ಸಿಸ್ಟರ್ ಕತ್ತರಿ ಹಿಡಿದು ಬಂದರು. ಕೈ ಮೇಲೆ ಏನೂ ಇರಬಾರದು ಅಂದರು. ಅಲ್ಲಿಯವರೆಗೆ ಡಾಕ್ಟರು ಹೇಳಿದ್ದಕ್ಕೆಲ್ಲ ತಲೆ ಆಡಿಸುತ್ತಿದ್ದವನು ಎಡಗೈಯಿಂದ ದಾರ ಮುಚ್ಚಿಕೊಂಡ.

"ಕತ್ತರಿಸಬ್ಯಾಡ್ರಿ ಸಿಸ್ಟರ್. ನಾಲ್ಕು ಊರಿನವು ಇವು."

"ಏನಪ್ಪ ಇದು, ಕೈ ಬೇಕಾ, ದಾರ ಬೇಕಾ?"

ಅವನು ದಾರದ ಮೇಲಿನ ಕೈ ತೆಗೆಯಲಿಲ್ಲ. ಕಣ್ಣು ತುಂಬಿಕೊಂಡಿತ್ತು. ಆರಡಿ ಗಂಡಸು. ಸಾವಿರ ಜನ ಕೂಗುವಾಗ ಮುಖದಲ್ಲಿ ಒಂದು ಗೆರೆ ಅಲುಗದವನು. ಆ ದಾರ ಹೋದರೆ ತಾನು ಕೊನೆಯ ಓವರಿನವನಲ್ಲ ಅಂತ ಅವನ ತಲೆಯಲ್ಲಿ ಕೂತುಬಿಟ್ಟಿತ್ತು. ನಾನು ಸಿಸ್ಟರಿಗೆ ಕೈ ಮುಗಿದೆ. "ಯವ್ವಾ, ಸ್ವಲ್ಪ ತಡಿ. ನಾನು ಬಿಚ್ಚಿಕೊಡ್ತೀನಿ."

ಊದಿದ ಮಾಂಸದಲ್ಲಿ ಗಂಟು ಸಿಗುತ್ತಿರಲಿಲ್ಲ. ತಲೆಯ ಪಿನ್ನು ತೆಗೆದು, ಚರ್ಮಕ್ಕೆ ತಾಗದ ಹಾಗೆ ಒಂದೊಂದೇ ಎಳೆ ಬಿಡಿಸಿದೆ. ಸಿಸ್ಟರ್ ಬೈಯಲಿಲ್ಲ, ಮೊಬೈಲಿನ ಬೆಳಕು ಹಿಡಿದರು. ಬಿಳಿಯದು ಬಿಚ್ಚಿ ನನ್ನ ಮುಂಗೈಗೆ ಸುತ್ತಿಕೊಂಡೆ. ಹಸಿರು ಬಿಚ್ಚಿ ಅದರ ಮೇಲೆ. ಕರಿದು ಅದರ ಮೇಲೆ. ಕೊನೆಗೆ ನನ್ನದು.

"ನೋಡು ತಮ್ಮಾ, ಯಾವುದೂ ಕತ್ತರಿಸಿಲ್ಲ, ಯಾವುದೂ ನೆಲಕ್ಕೆ ಬಿದ್ದಿಲ್ಲ. ನಿನ್ನ ಬದ್ಲಿ ನಾನು ಕಟ್ಕಂಡೀನಿ. ಈಗ ಒಳಗೆ ಹೋಗಿ ಬಾ."

ಅವನು ಎಡಗೈ ಚಾಚಿ ನನ್ನ ಮುಂಗೈಯನ್ನು ಮುಟ್ಟಿಕೊಂಡ, ಚೆಂಡು ಹಾಕುವ ಮೊದಲು ಮಾಡುತ್ತಿದ್ದ ಹಾಗೇ. ಹೋದ.

ಹೆಪ್ಪು ಕರಗಿಸುವ ಔಷಧ ನಾಳದೊಳಗೆ ಬಿಟ್ಟು ಮಲಗಿಸಿದ್ದರು. ಹೊರಗೆ ನಾವು. ಆ ಬೆಂಚಿನ ಬಗ್ಗೆ ಏನು ಹೇಳಲಿ. ಬಾಗಿಲು ತೆರೆದರೆ ಎಲ್ಲರೂ ಏಳುತ್ತಿದ್ದೆವು, ಬೇರೆಯವರ ಹೆಸರು ಕೂಗಿದರೆ ಕೂರುತ್ತಿದ್ದೆವು. ಸುದ್ದಿ ತಿಳಿದು ಮೂರು ಕ್ಯಾಪ್ಟನ್‌ಗಳೂ ಬಂದರು. ಮೈದಾನದಲ್ಲಿ ಒಬ್ಬರ ಮುಖ ಒಬ್ಬರಿಗೆ ಆಗದು. ತಿಪ್ಪೇಸ್ವಾಮಿ ಬಂದವನೇ ನನ್ನ ಕೈ ನೋಡಿದ. ತನ್ನ ಕರಿ ದಾರ ಇದೆಯಾ ಅಂತ ನೋಡಿದ್ದು, ನನಗೆ ಗೊತ್ತಾಗದೆ ಇರುತ್ತದೆಯೇ. ಇತ್ತು. ಕೂತ.

"ಫೈನಲ್‌ನಾಗೆ ನೀನು ಅವನ ಕೈಲಿ ಅಷ್ಟೊಂದು ಹಾಕಿಸ್ಬಾರ್ದಿತ್ತು," ಅಂದ ಇಮ್ರಾನ್.

"ಹೌದಪ್ಪ. ನೀನು ಹೋದ್ ವರ್ಷ ಚನ್ನಗಿರಿಯಾಗೆ ದಿನಕ್ಕೆ ಮೂರು ಮ್ಯಾಚ್ ಆಡ್ಸಿದ್ದು ಯಾರು ಮರ್ತಾರೆ?"

"ಇಬ್ರೂ ಬಾಯಿ ಮುಚ್ಚರಿ," ಅಂದ ಕುಮಾರನಾಯ್ಕ. "ಅಜ್ಜಿ ಮುಂಜಾನಿಂದ ಏನೂ ತಿಂದಿಲ್ಲ. ಯಾರಾರ ಮಂಡಕ್ಕಿ ತರ್ರಿ."

ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಬಂತು. ಒಂದೇ ಪೇಪರಿನಲ್ಲಿ ನಾಲ್ಕು ತಾಲ್ಲೂಕು ಕೈ ಹಾಕಿ ತಿಂದೆವು. ಬೆಂಚಿನಲ್ಲಿದ್ದ ಮೂತ್ರದ ಕಲ್ಲಿನ ನೋವಿನವರೂ ಬಂದು ಕೈ ಹಾಕಿದರು.

ಬಸವರಾಜ ಡ್ಯೂಟಿ ತಪ್ಪಿಸುವ ಹಾಗಿರಲಿಲ್ಲ. ಆದರೆ ಅವನ ಬಸ್ಸು ಆ ಆಸ್ಪತ್ರೆಯ ಮುಂದಿನ ರಸ್ತೆಯಲ್ಲೇ ಹೋಗುತ್ತದೆ. ಗೇಟಿನ ಹತ್ತಿರ ಬಂದಾಗ ಒಮ್ಮೆ ಸಣ್ಣದಾಗಿ ಹಾರನ್ ಮಾಡುತ್ತಿದ್ದ. ಅಲ್ಲಿ ಹಾರನ್ ಮಾಡಬಾರದು ಅಂತ ಬೋರ್ಡಿದೆ, ತಪ್ಪೇ. ಮಂಚದ ಮೇಲೆ ಮಲಗಿದ್ದ ಪ್ರದೀಪ, "ಅಪ್ಪ ಹೋದ್ರು," ಅನ್ನುತ್ತಿದ್ದ. ಮತ್ತೆ ಬಂದಾಗ, "ಅಪ್ಪ ಬಂದ್ರು," ಅನ್ನುತ್ತಿದ್ದ. ಆ ವಾರ್ಡಿನ ಎಲ್ಲರೂ ಆ ಹಾರನ್ನಿಗೆ ಕಾಯತೊಡಗಿದ್ದರು.

ಹೆಪ್ಪು ಕರಗಿತು. ಕೈ ಇಳಿಯಿತು. ನಾನು ಹೆಬ್ಬೆರಳು, ನಡುಬೆರಳು ಸೇರಿಸಿ ಅವನ ಮಣಿಕಟ್ಟು ಹಿಡಿದು ನೋಡುತ್ತಿದ್ದೆ. ಮೊದಲು ಬೆರಳುಗಳ ನಡುವೆ ಸಂದಿ ಇತ್ತು. ಆಮೇಲೆ ತುದಿಗೆ ತುದಿ ತಾಗಿತು. ಅದು ತಾಗಿದ ಬೆಳಿಗ್ಗೆ ನಾನು ಸಿಸ್ಟರನ್ನು ತಬ್ಬಿಕೊಂಡು ಮುತ್ತು ಕೊಟ್ಟೆ. ಅವರ ಟೋಪಿ ಬಿತ್ತು.

ಆದರೆ ಎಲುಬಿನ ಸಂದಿ ಹಾಗೇ ಇದ್ದರೆ ಮತ್ತೆ ನಾಳ ನಜ್ಜುತ್ತದೆ, ಆದ್ದರಿಂದ ಮೇಲಿನ ಒಂದು ಪಕ್ಕೆಲುಬನ್ನು ತೆಗೆಯಬೇಕು ಅಂದರು. ದೇವರು ಕೊಟ್ಟ ಎಲುಬು ತೆಗೆದರೆ ಮನುಷ್ಯ ನೆಟ್ಟಗೆ ನಿಲ್ಲುತ್ತಾನಾ? ಶಾರದಾ ಡಾಕ್ಟರನ್ನು ಕೇಳಿಬಿಟ್ಟಳು, "ಸರ್, ಅದಿಲ್ಲದೆ ನಡೀತೈತಾ?" ನಡೆಯುತ್ತದೆ ಅಂದರು. ಅವಳು ಅಷ್ಟಕ್ಕೇ ಒಪ್ಪಿದಳು. ನನಗೆ ಒಪ್ಪಲು ಒಂದು ಇಡೀ ದಿನ ಬೇಕಾಯಿತು.

ಆಪರೇಷನ್ ದಿನ ಬೆಳಿಗ್ಗೆಯಿಂದ ಬರಿಹೊಟ್ಟೆಯಲ್ಲಿ ಕಾಯಿಸಿದರು. ಒಬ್ಬೊಬ್ಬರನ್ನೇ ಒಳಗೆ ಕರೆಯುತ್ತಿದ್ದಾರೆ, ಇವನನ್ನು ಕರೆಯುವುದಿಲ್ಲ. ನಾನು ಸಿಸ್ಟರನ್ನು ಕೇಳಿದರೆ, "ಅಜ್ಜಿ, ನಿಮ್ಮದು ದೊಡ್ಡ ಆಪರೇಷನ್, ಇವತ್ತಿನ ಕೊನೇದು," ಅಂದರು. ಪ್ರದೀಪ ದಿನಗಟ್ಟಲೆ ನಗದೆ ಇದ್ದವನು ಫಕ್ಕನೆ ನಕ್ಕ.

"ಇಲ್ಲೂ ಕೊನೇ ಓವರ್ ನಂದೇ ನೋಡಜ್ಜಿ."

ಅವನು ನಕ್ಕದ್ದಕ್ಕೆ ನನ್ನ ಭಯ ಅರ್ಧ ಹೋಯಿತು. ಉಳಿದ ಅರ್ಧ ಡಾಕ್ಟರು ಮಾಸ್ಕ್ ಕೆಳಗಿಳಿಸಿ ಹೊರಗೆ ಬಂದು, "ಚೆನ್ನಾಗಾಯ್ತು," ಅಂದಾಗ ಹೋಯಿತು. ಅವರು ಇನ್ನೂ ಏನೇನೋ ಹೇಳಿದರು. ನನಗೆ ಆ ಒಂದು ಮಾತು ಬಿಟ್ಟರೆ ಯಾವುದೂ ಕೇಳಿಸಲಿಲ್ಲ.

ಮನೆಗೆ ಬಂದ ಮೇಲೆ ಎಲ್ಲ ಸಲೀಸಾಯಿತು ಅಂತ ಹೇಳಿದರೆ ಸುಳ್ಳಾಗುತ್ತದೆ. ರಕ್ತ ತೆಳುವಾಗುವ ಮಾತ್ರೆ ಕೊಟ್ಟಿದ್ದರು. ಹಲ್ಲುಜ್ಜಿದರೆ ರಕ್ತ, ಗಡ್ಡ ಕೆರೆದರೆ ರಕ್ತ, ನಿಲ್ಲುವುದೇ ಇಲ್ಲ. ಶಾರದಾ ಈಳಿಗೆಮಣೆಯನ್ನು ಅಟ್ಟಕ್ಕೆ ಎತ್ತಿಟ್ಟಳು, ಅವನು ಮಕ್ಕಳ ಹಾಗೆ ಎಡವುವವನೇನೋ ಅನ್ನುವಂತೆ. ಲೀಗುಗಳು ಶುರುವಾದವು, ಮೈಕಿನ ಸದ್ದು ಮೈದಾನದಿಂದ ಮನೆವರೆಗೂ ಬರುತ್ತಿತ್ತು. ಅವನು ಎದ್ದು ಕಿಟಕಿ ಹಾಕುತ್ತಿದ್ದ. ಯಾರ ಫೋನನ್ನೂ ಎತ್ತುತ್ತಿರಲಿಲ್ಲ. ಕೈಗೆ ವ್ಯಾಯಾಮ ಹೇಳಿಕೊಟ್ಟಿದ್ದರು, ಮೆತ್ತನೆಯದೇನನ್ನಾದರೂ ಹಿಚುಕಬೇಕು ಅಂತ. ಸ್ಪಂಜಿನ ಚೆಂಡು ಕೊಟ್ಟರೆ ಮೂಲೆಗೆ ಎಸೆದ. ನಾನು ರೊಟ್ಟಿ ಹಿಟ್ಟಿನ ಪರಾತವನ್ನು ಅವನ ಮುಂದೆ ತಳ್ಳಿದೆ.

"ಏನಿದು?"

"ನನ್ನ ಕೈ ನೋಯ್ತೈತೆ. ನಾದು."

ನಾದಿದ. ದಿನಾ ನಾದಿದ. ಮೊದಮೊದಲು ಹಿಟ್ಟಿನಲ್ಲಿ ಗಂಟು ಗಂಟು, ರೊಟ್ಟಿ ತಟ್ಟಿದರೆ ಹರಿಯುತ್ತಿತ್ತು. ಹರಿದ ರೊಟ್ಟಿಯನ್ನೇ ತಿಂದೆವು. ಶಾರದಾ ಒಂದು ದಿನ ತಟ್ಟುತ್ತಾ, "ಇವತ್ತು ಹಿಟ್ಟು ಹದ ಐತೆ," ಅಂದಳು. ಅವನು ಎದ್ದು ಹೋಗಿ ಮೂಲೆಯ ಚೆಂಡು ಹುಡುಕಿಕೊಂಡ.

ತಿಂಗಳುಗಳು ಹೋದ ಮೇಲೆ ಡಾಕ್ಟರು ಮತ್ತೆ ಸ್ಕ್ಯಾನಿಂಗ್ ಮಾಡಿ ಮಾತ್ರೆ ನಿಲ್ಲಿಸಿದರು. ಆಡು, ಕಡಿಮೆ ಆಡು, ಕೈ ಭಾರವಾದರೆ ಆ ಕ್ಷಣವೇ ನಿಲ್ಲಿಸು ಅಂದರು. ಮೂರೂ ಕ್ಯಾಪ್ಟನ್‌ಗಳು ಹೊಸ ದಾರ ಹಿಡಿದು ಮನೆಗೆ ಬಂದರು. ಬಾಗಿಲಲ್ಲೇ ತಡೆದೆ.

"ಆ ಕೈಗೆ ಇನ್ನು ಏನೂ ಕಟ್ಟಂಗಿಲ್ಲ."

"ಮತ್ತೆ ಇದನ್ನೇನು ಮಾಡಾನ ಅಜ್ಜಿ?" ಅಂದ ತಿಪ್ಪೇಸ್ವಾಮಿ.

ನನ್ನ ಮುಂಗೈ ಚಾಚಿದೆ. ಕಟ್ಟಿದರು. ಈಗ ಹಳೆಯದು ಹೊಸದು ಸೇರಿ ಬಳೆ ಹಾಕಲು ಜಾಗವಿಲ್ಲ.

ಮೊದಲ ಆಟ ನಮ್ಮ ಹೊನ್ನಾಳಿಯಲ್ಲೇ, ಹೊನ್ನಾಳಿಗೂ ಜಗಳೂರಿಗೂ. ಪ್ರದೀಪ ನಮ್ಮೂರಿನ ಪರ ಒಂದೇ ಒಂದು ಓವರ್ ಹಾಕಬೇಕು ಅಂತ ಮೊದಲೇ ಮಾತಾಗಿತ್ತು. ನಾನು ಗೆರೆಯ ಹತ್ತಿರ ಕುರ್ಚಿ ಹಾಕಿಸಿಕೊಂಡು ಕೂತೆ. ಕೊನೆಯ ಓವರ್ ಬಂತು. ಪ್ರದೀಪ ಮೈದಾನದ ಮಧ್ಯಕ್ಕೆ ಹೋಗದೆ ಸೀದಾ ನನ್ನ ಕಡೆ ನಡೆದು ಬಂದ, ಬಗ್ಗಿ ನನ್ನ ಮುಂಗೈ ಮುಟ್ಟಿಕೊಂಡ, ಓಡಿದ. ಮೈಕಿನವನು ಏನೋ ಹೇಳಿದ, ಜನ ಕೂಗಿದರು, ನನ್ನ ಕಿವಿಗೆ ಕೇಳಿಸಲಿಲ್ಲ.

ಅವನು ಒಂದೊಂದು ಚೆಂಡು ಹಾಕುವಾಗಲೂ ಎಲ್ಲರೂ ಚೆಂಡು ನೋಡುತ್ತಿದ್ದರು. ನಾನು ಕೈ ನೋಡುತ್ತಿದ್ದೆ. ಮೇಲೆ ಹೋಯಿತು, ಸುತ್ತಿತು, ಕೆಳಗೆ ಬಂತು, ಬಣ್ಣ ಬದಲಾಗಲಿಲ್ಲ. ಕೊನೆಯ ಚೆಂಡಿಗೆ ದೊಡ್ಡ ಗದ್ದಲವಾಯಿತು. ನಾನು ಎದ್ದು ನಿಂತು ಚಪ್ಪಾಳೆ ತಟ್ಟಿದೆ.

ತಿಪ್ಪೇಸ್ವಾಮಿ ಓಡಿ ಬಂದ. "ಅಜ್ಜಿ, ಗೆದ್ದೋರು ನಾವು. ನಿಮ್ಮ ಮೊಮ್ಮಗನಿಗೆ ಸಿಕ್ಸ್ ಬಿತ್ತು. ನೀವ್ಯಾಕೆ ಚಪ್ಪಾಳಿ ಹೊಡೀತೀರಿ?"

"ಹೌದಾ?" ಅಂದೆ. "ಚೆಂಡು ಎಲ್ಲಿಗೆ ಹೋತೋ ನಾನು ನೋಡ್ಲಿಲ್ಲಪ್ಪ."

ಪ್ರದೀಪ ಬೆವರು ಒರೆಸಿಕೊಳ್ಳುತ್ತಾ ಬಂದ. ಸೋತ ಮುಖವೇ ಅದು, ಆದರೆ ಕಿಟಕಿ ಹಾಕಿಕೊಂಡು ಕೂರುತ್ತಿದ್ದವನ ಮುಖವಲ್ಲ. ನಾನು ಕೇಳುವ ಮೊದಲೇ ಬಲಗೈಯನ್ನು ನನ್ನ ಮುಂದೆ ಚಾಚಿದ. ಹೆಬ್ಬೆರಳು, ನಡುಬೆರಳು ಸೇರಿಸಿ ಮಣಿಕಟ್ಟು ಹಿಡಿದೆ. ತುದಿಗೆ ತುದಿ ತಾಗಿತು.

"ಸಾಕಾ ಅಜ್ಜಿ?"

"ಸಾಕು ತಮ್ಮಾ."